ಹೊಯ್ಸಳರ ಕಾಲದ ಒಂದು ಗುಣಾಕಾರ

ಗೊತ್ತಿಲ್ಲದ ಒಂದು ಸಂಖ್ಯೆ ಇದೆ. ಅದರ ಐದು ಪಟ್ಟಿನಿಂದ 1 ಕಳೆಯಿರಿ. ಅದೇ ಸಂಖ್ಯೆಯ ಮೂರು ಪಟ್ಟಿಗೆ 2 ಕೂಡಿಸಿ. ಹೀಗೆ ಬಂದ ಎರಡನ್ನೂ ಒಂದಕ್ಕೊಂದು ಗುಣಿಸಿದರೆ ಏನು ಬರುತ್ತದೆ?

ಅರಸೀಕೆರೆ, ಬೇಲೂರು, ಹಳೇಬೀಡುಗಳ ಯಾವ ಹೈಸ್ಕೂಲಿಗೆ ಹೋದರೂ ಇಂಥ ಲೆಕ್ಕ ಕರಿಹಲಗೆಯ ಮೇಲೆ ಕಾಣಸಿಗುತ್ತದೆ. ಕನ್ನಡ ಪಠ್ಯಪುಸ್ತಕದಲ್ಲಿ ಇದಕ್ಕೆ ಬಹುಪದೋಕ್ತಿಗಳ ಗುಣಾಕಾರ ಎಂದು ಹೆಸರು. ಉರ್ದು ಪಠ್ಯಪುಸ್ತಕದಲ್ಲಿ ಬಹುಪದೋಕ್ತಿಗೆ 'ಕಸೀರ್ ರುಕ್ನಿ' ಎನ್ನುತ್ತಾರೆ. ಅಂದರೆ ಬಹಳ ಅಂಗಗಳುಳ್ಳದ್ದು. ಎರಡೂ ಹೆಸರು ಹೇಳುವುದು ಒಂದೇ ಮಾತನ್ನು. ಮಕ್ಕಳು ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್ ಎಂದು ಬರೆಯುತ್ತಾರೆ. ಈ ಲೇಖನದಲ್ಲಿ ಅದರ ಜಾಗದಲ್ಲಿ 'ಯ' ಎಂದು ಬರೆಯುತ್ತೇನೆ, ಕಾರಣ ಆಮೇಲೆ ತಿಳಿಯುತ್ತದೆ. ಆಗ ಲೆಕ್ಕ ಹೀಗಾಗುತ್ತದೆ:

(5ಯ − 1) × (3ಯ + 2) = 15ಯ² + 7ಯ − 2

ಇದು ಈಚಿನ ಯಾವುದೋ ಮಾದರಿ ಪ್ರಶ್ನೆಪತ್ರಿಕೆಯಿಂದ ತೆಗೆದದ್ದಲ್ಲ. ಭಾಸ್ಕರಾಚಾರ್ಯರು 1150ರಲ್ಲಿ ಮುಗಿಸಿದ 'ಸಿದ್ಧಾಂತ ಶಿರೋಮಣಿ'ಯ 'ಬೀಜಗಣಿತ' ಭಾಗದಲ್ಲಿ ಇದೇ 5, ಇದೇ 1, ಇದೇ 3, ಇದೇ 2 ಇಟ್ಟು ಕೇಳಿದ ಲೆಕ್ಕ. ಗೊತ್ತಿಲ್ಲದ ಸಂಖ್ಯೆಗೆ ಅವರು 'ಯಾವತ್ತಾವತ್' ಎಂದರು. ಎಷ್ಟೋ ಅಷ್ಟು ಎಂದರ್ಥ. ಬರೆಯುವಾಗ ಅದನ್ನು 'ಯಾ' ಎಂದು ಮೊಟಕು ಮಾಡುತ್ತಿದ್ದರು. ನಮ್ಮ 'ಯ' ಅಲ್ಲಿಂದ ಬಂದದ್ದು. ಗೊತ್ತಿಲ್ಲದ ಸಂಖ್ಯೆಗಳು ಒಂದಕ್ಕಿಂತ ಹೆಚ್ಚಿದ್ದರೆ ಉಳಿದವಕ್ಕೆ ಬಣ್ಣಗಳ ಹೆಸರು: ಕಾಲಕ, ನೀಲಕ, ಪೀತಕ, ಲೋಹಿತಕ. ಕಪ್ಪು, ನೀಲಿ, ಹಳದಿ, ಕೆಂಪು. ಎರಡು ಬೇರೆ ಬಣ್ಣಗಳನ್ನು ಗುಣಿಸಿದರೆ ಬರುವುದಕ್ಕೆ 'ಭಾವಿತ' ಎಂಬ ಹೆಸರು. ಋಣ ಸಂಖ್ಯೆಯ ತಲೆಯ ಮೇಲೆ ಒಂದು ಚುಕ್ಕಿ. ಋಣವನ್ನು ಋಣದಿಂದ ಗುಣಿಸಿದರೆ ಧನ ಎಂಬ ನಿಯಮವನ್ನು ಬ್ರಹ್ಮಗುಪ್ತರು 628ರಲ್ಲೇ ಬರೆದಿಟ್ಟಿದ್ದರು.

ಭಾಸ್ಕರಾಚಾರ್ಯರ ಊರು ಯಾವುದೆಂಬ ಜಗಳ ಇನ್ನೂ ಮುಗಿದಿಲ್ಲ. ತಮ್ಮ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಎಂದು ಅವರೇ ಹೇಳಿದ್ದಾರೆ. ಅದು ನಮ್ಮ ಬಿಜಾಪುರ ಎನ್ನುವವರಿದ್ದಾರೆ. ಅವರ ಮೊಮ್ಮಗ ಚಾಂಗದೇವನ ಪಾಠಶಾಲೆಗೆ ಸಂಬಂಧಿಸಿದ 1207ರ ಶಾಸನ ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣದಲ್ಲಿ ಸಿಕ್ಕಿರುವುದರಿಂದ ಅವರು ಆ ಕಡೆಯವರು ಎನ್ನುವವರೂ ಇದ್ದಾರೆ. ಈ ಲೇಖನಕ್ಕೆ ಆ ಜಗಳ ಬೇಕಿಲ್ಲ. ನಮಗೆ ಮುಖ್ಯವಾದದ್ದು ಕಾಲ.

ಭಾಸ್ಕರಾಚಾರ್ಯರು ಹುಟ್ಟಿದ್ದು 1114ರಲ್ಲಿ. ಅವರಿಗೆ ಮೂರು ವರ್ಷವಾಗಿದ್ದಾಗ, 1117ರಲ್ಲಿ, ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದ. 1121ರಲ್ಲಿ ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ಹೊಯ್ಸಳೇಶ್ವರ ದೇಗುಲದ ಕೆಲಸ ಆರಂಭವಾಯಿತು. 1133ರಲ್ಲಿ ಅದೇ ಊರಿನಲ್ಲಿ ಗಂಗರಾಜನ ಮಗ ಬೊಪ್ಪ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಅರಸೀಕೆರೆಯ ಈಶ್ವರ ದೇಗುಲ, ನಕ್ಷತ್ರದ ಆಕಾರದ ಆ ಚೆಂದದ ಮಂಟಪ, ಬಂದದ್ದು ಸ್ವಲ್ಪ ತಡವಾಗಿ, 1220ರ ಹೊತ್ತಿಗೆ. ಬೇಲೂರಿನ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ಶಿಲ್ಪಿಗಳು ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ. ಕೆಲಸ ಮಾಡಿದವನ ಹೆಸರು ಕಲ್ಲಿನಲ್ಲಿ ಉಳಿಯುವುದು ನಮ್ಮ ನಾಡಿನಲ್ಲಿ ಅಪರೂಪ.

ಇವೆಲ್ಲ ಶಾಲೆಯ ಮಕ್ಕಳಿಗೆ ಗೊತ್ತು. ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತಾರೆ, ಶಿಲಾಬಾಲಿಕೆಯರನ್ನು ತೋರಿಸುತ್ತಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಜನಸಂದಣಿಯೂ ಹೆಚ್ಚಿದೆ. ಆದರೆ ಹಳೇಬೀಡಿನ ಕತೆಯಲ್ಲಿ ಮುಸ್ಲಿಮ್ ಹೆಸರೊಂದು ಬರುವುದು ಒಂದೇ ಒಂದು ಸಲ. ಅದು 1311ರಲ್ಲಿ, ಮಲಿಕ್ ಕಾಫೂರನ ದಂಡಯಾತ್ರೆಯಲ್ಲಿ. ಅದು ನಡೆದದ್ದು ನಿಜ. ಅದನ್ನು ಮುಚ್ಚಿಡುವ ಅಗತ್ಯ ಯಾರಿಗೂ ಇಲ್ಲ. ಆದರೆ ದೇಗುಲದ ಅಂಗಳದಲ್ಲಿ ಗೈಡ್ ಆ ಮಾತು ಹೇಳುವಾಗ ಸಹಪಾಠಿಗಳ ನಡುವೆ ನಿಂತ ಹುಡುಗ ಅಥವಾ ಹುಡುಗಿ ತಲೆ ತಗ್ಗಿಸಿ ಕೇಳಿಸಿಕೊಂಡರೆ, ಅದೊಂದೇ ಸಂಬಂಧವೆಂದು ಆ ಮಗು ನಂಬಿಕೊಂಡು ಬೆಳೆದರೆ, ಅದು ಅರ್ಧ ಚರಿತ್ರೆ. ಉಳಿದರ್ಧ ಆ ಮಗುವಿನ ಗಣಿತ ಪುಸ್ತಕದಲ್ಲೇ ಇದೆ.

ಕನ್ನಡದ ಮೊದಲ ಗಣಿತ

ವಿಷ್ಣುವರ್ಧನನ ಆಸ್ಥಾನದಲ್ಲಿ ಕನ್ನಡದಲ್ಲೇ ಗಣಿತ ಬರೆದ ಒಬ್ಬರಿದ್ದರು. ಹೆಸರು ರಾಜಾದಿತ್ಯ, ಜೈನರು, ಊರು ಪೂವಿನಬಾಗೆ. 'ವ್ಯವಹಾರಗಣಿತ', 'ಕ್ಷೇತ್ರಗಣಿತ', 'ವ್ಯವಹಾರರತ್ನ', 'ಚಿತ್ರಹಸುಗೆ', 'ಲೀಲಾವತಿ' ಅವರ ಕೃತಿಗಳು. ಭಾಸ್ಕರಾಚಾರ್ಯರ 'ಲೀಲಾವತಿ' ಜಗತ್ತಿಗೆಲ್ಲ ಗೊತ್ತು, ಕನ್ನಡದಲ್ಲೊಂದು 'ಲೀಲಾವತಿ' ಇದ್ದದ್ದು ಕನ್ನಡಿಗರಿಗೇ ಗೊತ್ತಿಲ್ಲ. ಆರ್. ನರಸಿಂಹಾಚಾರ್ಯರು 'ಕರ್ನಾಟಕ ಕವಿಚರಿತೆ'ಯಲ್ಲಿ ರಾಜಾದಿತ್ಯರ ಕಾಲವನ್ನು ಸುಮಾರು 1120 ಎಂದು ಗುರುತಿಸಿದರು. ಆ ಶತಮಾನದ ಕೊನೆಗೆ ತಳ್ಳುವವರೂ ಇದ್ದಾರೆ. ಹೇಗೆ ನೋಡಿದರೂ ಹೊಯ್ಸಳರ ಕಾಲವೇ.

ರಾಜಾದಿತ್ಯರದು ಸಂತೆ, ಸಾಲ, ಬಡ್ಡಿ, ಹೊಲದ ಅಳತೆಯ ಗಣಿತ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ತ್ರೈರಾಶಿ. ಬೀಜಗಣಿತವಲ್ಲ. ಆದರೂ ಅವರ ಬೆನ್ನ ಹಿಂದೆ ಒಂದು ದೊಡ್ಡ ಪರಂಪರೆಯಿದೆ. ಅವರಿಗಿಂತ ಸುಮಾರು 270 ವರ್ಷ ಮೊದಲು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. 'ಕವಿರಾಜಮಾರ್ಗ' ಹುಟ್ಟಿದ ಕಾಲದಲ್ಲೇ ಈ ಪುಸ್ತಕವೂ ಹುಟ್ಟಿತು. 1912ರಲ್ಲಿ ಎಂ. ರಂಗಾಚಾರ್ಯರು ಅದನ್ನು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. 2000ದಲ್ಲಿ ಪದ್ಮಾವತಮ್ಮನವರ ಇಂಗ್ಲಿಷ್ ಮತ್ತು ಕನ್ನಡ ಅನುವಾದ ಹೊಂಬುಜದಿಂದ ಹೊರಬಂತು.

ಮಹಾವೀರಾಚಾರ್ಯರಿಗೆ ಗುಣಾಕಾರದಲ್ಲಿ ಒಂದು ಹುಚ್ಚು ಪ್ರೀತಿ ಇತ್ತು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಗುಣಲಬ್ಧಗಳನ್ನು ಹುಡುಕಿ, ಅವನ್ನು ಕೊರಳ ಹಾರಗಳೆಂದು ಕರೆದರು. ಅವರ ಒಂದು ಹಾರ ನೋಡಿ:

139 × 109 = 15151

ಇನ್ನೊಂದು ಹಾರ ಇನ್ನೂ ದೊಡ್ಡದು:

27994681 × 441 = 12345654321

ಒಂದರಿಂದ ಆರಕ್ಕೆ ಏರಿ ಮತ್ತೆ ಒಂದಕ್ಕೆ ಇಳಿಯುವ ಈ ಸಂಖ್ಯೆ 111111ನ್ನು 111111ರಿಂದಲೇ ಗುಣಿಸಿದರೂ ಬರುತ್ತದೆ.

ಈಗ ಮೊದಲ ಹಾರವನ್ನು ಬಿಚ್ಚೋಣ. ಮಹಾವೀರಾಚಾರ್ಯರು ಹೀಗೆ ಬಿಚ್ಚಲಿಲ್ಲ, ಇದು ನಾವು ಇಂದು ನಿಂತು ನೋಡುವ ನೋಟ. 139 ಅಂದರೆ ಒಂದು ನೂರು, ಮೂರು ಹತ್ತು, ಒಂಬತ್ತು ಬಿಡಿ. ಹತ್ತರ ಜಾಗದಲ್ಲಿ ಯ ಇಟ್ಟರೆ ಯ² + 3ಯ + 9. ಅದೇ ರೀತಿ 109 ಅಂದರೆ ಯ² + 9. ನಡುವೆ ಹತ್ತರ ಸ್ಥಾನ ಖಾಲಿ, ಅಲ್ಲಿ ಸೊನ್ನೆ. ಇವೆರಡನ್ನೂ ಗುಣಿಸಿ:

ಯ⁴ + 3ಯ³ + 18ಯ² + 27ಯ + 81

ಬಹುಪದೋಕ್ತಿಯಲ್ಲಿ ಕೆಲಸ ಇಲ್ಲಿಗೆ ಮುಗಿಯಿತು. 1, 3, 18, 27, 81 ಎಂಬ ಐದು ಸಹಗುಣಕಗಳು ತಮ್ಮ ತಮ್ಮ ಮನೆಯಲ್ಲಿ ಕುಳಿತಿವೆ. ಸಂಖ್ಯೆಯಲ್ಲಾದರೆ ಒಂದು ಮನೆಯಲ್ಲಿ ಒಂಬತ್ತಕ್ಕಿಂತ ಹೆಚ್ಚು ಇರುವಂತಿಲ್ಲ. ಹಾಗಾಗಿ 81ರಲ್ಲಿ 1 ಬರೆದು 8 ಕೈಯಲ್ಲಿಡಬೇಕು. 27ಕ್ಕೆ 8 ಸೇರಿ 35, 5 ಬರೆದು 3 ಕೈಯಲ್ಲಿ. 18ಕ್ಕೆ 3 ಸೇರಿ 21, 1 ಬರೆದು 2 ಕೈಯಲ್ಲಿ. 3ಕ್ಕೆ 2 ಸೇರಿ 5. ಕೊನೆಗೆ 1. ಹಾರ ಸಿದ್ಧ: 15151.

ಮೂರನೆಯ ತರಗತಿಯಲ್ಲಿ ಮಗು ಕಲಿತ ಉದ್ದದ ಗುಣಾಕಾರಕ್ಕೂ ಒಂಬತ್ತನೆಯ ತರಗತಿಯ ಬಹುಪದೋಕ್ತಿಯ ಗುಣಾಕಾರಕ್ಕೂ ಇರುವ ವ್ಯತ್ಯಾಸ ಇಷ್ಟೇ. ಇಲ್ಲಿ ಕೈಯಲ್ಲಿಟ್ಟುಕೊಳ್ಳುವ ಕೆಲಸವಿಲ್ಲ. ಹಾಗೆ ನೋಡಿದರೆ ಬೀಜಗಣಿತದ ಗುಣಾಕಾರವೇ ಸುಲಭದ್ದು! ಇದನ್ನು ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಸೂತ್ರ ಕೊಟ್ಟು ಬಾಯಿಪಾಠ ಮಾಡಿಸುತ್ತಾರೆ. ಹಿಂದಿನ ಪಾಠದ ತಮ್ಮನೇ ಇವನು ಎಂದು ಗುರುತಿಸಲಾಗದೆ ಹೆದರಿದ ಮಕ್ಕಳು ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ಕುಸಿದು ಓದು ಬಿಟ್ಟದ್ದನ್ನು ನಮ್ಮ ಮೊಹಲ್ಲಾಗಳು ಸಾಕಷ್ಟು ಕಂಡಿವೆ.

ಬಲ್ಹರಾ ಮತ್ತು ಖಲೀಫಾ

ಗೊತ್ತಿಲ್ಲದ ಸಂಖ್ಯೆಗಳ ಲೆಕ್ಕವೂ ಗೊತ್ತಿರುವ ಅಂಕಿಗಳ ಲೆಕ್ಕವೂ ಒಂದೇ ಎಂಬ ಈ ಕಾಣ್ಕೆಯನ್ನು ಪೂರ್ತಿಯಾಗಿ ಹಿಡಿದು, ಅದಕ್ಕೊಂದು ಪದ್ಧತಿ ಕಟ್ಟಿದವರು ಅರಬಿಯಲ್ಲಿ ಬರೆದ ಗಣಿತಜ್ಞರು. ಅದನ್ನು ತಿಳಿಯಲು ನೃಪತುಂಗನ ಕಾಲಕ್ಕೇ ಹಿಂದಿರುಗಬೇಕು.

ಮಾನ್ಯಖೇಟದಲ್ಲಿ ಅಮೋಘವರ್ಷ ಪಟ್ಟಕ್ಕೆ ಬಂದದ್ದು 814ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 813ರಲ್ಲಿ, ಅಬ್ಬಾಸೀ ಖಲೀಫಾ ಅಲ್ ಮಾಮೂನ್ ಅಧಿಕಾರಕ್ಕೆ ಬಂದ. ಇಬ್ಬರೂ ವಿದ್ವಾಂಸರನ್ನು ಸಾಕಿದವರು. ಅರಬ್ ಬರಹಗಾರರಿಗೆ ರಾಷ್ಟ್ರಕೂಟ ದೊರೆ ಚೆನ್ನಾಗಿ ಗೊತ್ತಿದ್ದ. ವಲ್ಲಭರಾಜ ಎಂಬುದು ಅವರ ಬಾಯಲ್ಲಿ 'ಬಲ್ಹರಾ' ಆಯಿತು. 851ರ, ಸುಲೈಮಾನ್ ವರ್ತಕನ ಹೆಸರಿನಲ್ಲಿ ಪ್ರಸಿದ್ಧವಾದ ವೃತ್ತಾಂತ ಬಲ್ಹರಾನನ್ನು ಲೋಕದ ನಾಲ್ಕು ದೊಡ್ಡ ಅರಸರ ಸಾಲಿನಲ್ಲಿ ಎಣಿಸುತ್ತದೆ, ಅವನಿಗೆ ಅರಬರ ಮೇಲೆ ವಿಶ್ವಾಸವಿತ್ತು ಎನ್ನುತ್ತದೆ. ಹತ್ತನೆಯ ಶತಮಾನದ ಅಲ್ ಮಸ್‌ಊದಿ ಅವನ ರಾಜ್ಯದಲ್ಲಿ ಮುಸ್ಲಿಮರಿಗೆ ಗೌರವವಿತ್ತು, ಮಸೀದಿಗಳಿದ್ದವು ಎಂದು ಬರೆದಿದ್ದಾರೆ. ಹಡಗಿನಲ್ಲಿ ಸರಕು ಓಡಾಡುವಲ್ಲಿ ಲೆಕ್ಕವೂ ಓಡಾಡುತ್ತದೆ. ಹಾಗೆಂದು ಮಹಾವೀರಾಚಾರ್ಯರ ಪುಸ್ತಕ ಬಗ್ದಾದಿಗೆ ಹೋಯಿತು, ಅಥವಾ ಅಲ್ಲಿಯದು ಇಲ್ಲಿಗೆ ಬಂತು ಎನ್ನಲು ಯಾವ ಆಧಾರವೂ ಇಲ್ಲ. ಅಂಥ ಮಾತನ್ನು ಹೇಳಬಾರದು.

ಆಧಾರವಿರುವುದು ಬೇರೆ ದಾರಿಗೆ. 770ರ ದಶಕದ ಆರಂಭದಲ್ಲಿ ಖಲೀಫಾ ಅಲ್ ಮನ್ಸೂರನ ಆಸ್ಥಾನಕ್ಕೆ ಭಾರತದ ಜ್ಯೋತಿಶ್ಶಾಸ್ತ್ರದ ಗ್ರಂಥ ತಲುಪಿತು. ಅರಬಿಯಲ್ಲಿ ಅದು 'ಸಿಂದ್ ಹಿಂದ್' ಆಯಿತು. ಅಲ್ ಮಾಮೂನನ ಕಾಲದ ಮುಹಮ್ಮದ್ ಇಬ್ನ್ ಮೂಸಾ ಅಲ್ ಖ್ವಾರಿಝ್ಮಿ ಭಾರತೀಯ ಅಂಕಿಗಳ ಲೆಕ್ಕದ ಮೇಲೆ ಒಂದು ಪುಸ್ತಕ ಬರೆದರು. ಅದರ ಲ್ಯಾಟಿನ್ ರೂಪ ಉಳಿದಿದೆ. ಅವರ ಹೆಸರೇ ಯುರೋಪಿನಲ್ಲಿ 'ಅಲ್ಗಾರಿದಂ' ಎಂಬ ಪದವಾಯಿತು. ಇನ್ನೊಂದು ಪುಸ್ತಕ 'ಅಲ್ ಜಬ್ರ್ ವಲ್ ಮುಕಾಬಲ'. ಜಬ್ರ್ ಎಂದರೆ ಮುರಿದದ್ದನ್ನು ಕೂಡಿಸುವುದು. ಮೂಳೆ ಕೂಡಿಸುವವನಿಗೆ ಸ್ಪೇನಿನಲ್ಲಿ ಬಹುಕಾಲ 'ಅಲ್ಜೆಬ್ರಿಸ್ತಾ' ಎಂದೇ ಹೆಸರಿತ್ತು. ಈ ಎರಡನೆಯ ಪುಸ್ತಕದಲ್ಲಿ ಭಾರತದ ಪಾಲು ಎಷ್ಟು, ಗ್ರೀಕರದು ಎಷ್ಟು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅಂಕಿಗಳ ವಿಷಯದಲ್ಲಿ ಮಾತ್ರ ತಕರಾರೇ ಇಲ್ಲ. ಅವು ಹಿಂದ್‌ನಿಂದ ಬಂದವು ಎಂದು ಅರಬರೇ ಹೇಳಿಕೊಂಡಿದ್ದಾರೆ.

ಖ್ವಾರಿಝ್ಮಿಯವರು ತಮ್ಮ ಪುಸ್ತಕ ಏತಕ್ಕೆಂದು ಮೊದಲಲ್ಲೇ ತಿಳಿಸಿದ್ದಾರೆ: ಆಸ್ತಿ ಪಾಲು, ವಸಿಯ್ಯತ್, ವ್ಯಾಪಾರ, ಜಮೀನಿನ ಅಳತೆ, ಕಾಲುವೆ ತೋಡುವ ಲೆಕ್ಕ. ಪುಸ್ತಕದ ದೊಡ್ಡ ಭಾಗವೊಂದು ವಾರಸುದಾರರ ಪಾಲಿನ ಲೆಕ್ಕಗಳಿಗೇ ಮೀಸಲು. ಮಕ್ಕಳಿದ್ದರೆ ಹೆಂಡತಿಗೆ ಎಂಟನೆಯ ಒಂದು, ಇಲ್ಲದಿದ್ದರೆ ನಾಲ್ಕನೆಯ ಒಂದು ಎಂದು ಇಂದಿಗೂ ನಮ್ಮ ಮನೆಗಳಲ್ಲಿ ಹಾಕುವ ಲೆಕ್ಕ ಅದೇ. ರಾಜಾದಿತ್ಯರ ವ್ಯವಹಾರಗಣಿತದಂತೆ ಇದೂ ಅಂಗಡಿ ಹೊಲಗಳ ನಡುವಿನ ಶಾಸ್ತ್ರ.

ಅವರು ಚಿಹ್ನೆ ಬಳಸಲಿಲ್ಲ. ಎಲ್ಲವೂ ಮಾತಿನಲ್ಲಿ. ಗೊತ್ತಿಲ್ಲದ್ದಕ್ಕೆ 'ಶೈ', ಅಂದರೆ ವಸ್ತು. ಅದರ ವರ್ಗಕ್ಕೆ 'ಮಾಲ್', ಅಂದರೆ ಸಂಪತ್ತು. ಅರಸೀಕೆರೆಯ ಕೊಬ್ಬರಿ ಮಾರುಕಟ್ಟೆಯಲ್ಲಿ ದಿನವೂ ಕೇಳಿಬರುವ 'ಮಾಲು' ಎಂಬ ಮಾತು ಅರಬಿಯ ಇದೇ ಪದ. 'ಮಾಲು ಬಂತಾ?' ಎಂದು ಕೇಳುವ ವರ್ತಕನ ಬಾಯಲ್ಲಿ ಬಗ್ದಾದಿನ ಗಣಿತಜ್ಞರ ವರ್ಗಪದ ಇದೆ.

ಗುಣಾಕಾರಕ್ಕೆ ಖ್ವಾರಿಝ್ಮಿಯವರು ಒಂದು ಅಧ್ಯಾಯವನ್ನೇ ಕೊಟ್ಟರು. ಎರಡು ಭಾಗಗಳುಳ್ಳ ಸಂಖ್ಯೆಯನ್ನು ಎರಡು ಭಾಗಗಳುಳ್ಳ ಸಂಖ್ಯೆಯಿಂದ ಗುಣಿಸುವಾಗ ನಾಲ್ಕು ಗುಣಾಕಾರ ಮಾಡಲೇಬೇಕು ಎಂಬುದು ಅದರ ತಿರುಳು. ದೊಡ್ಡದನ್ನು ದೊಡ್ಡದರಿಂದ, ದೊಡ್ಡದನ್ನು ಚಿಕ್ಕದರಿಂದ, ಚಿಕ್ಕದನ್ನು ದೊಡ್ಡದರಿಂದ, ಚಿಕ್ಕದನ್ನು ಚಿಕ್ಕದರಿಂದ. ಮೊದಲು 10ರಿಂದ 1 ಕಳೆದದ್ದನ್ನು ಅದರಿಂದಲೇ ಗುಣಿಸಿ ತೋರಿಸುತ್ತಾರೆ: 100, ಅದರಿಂದ ಎರಡು ಸಲ 10 ಕಳೆದು, 1 ಕೂಡಿಸಿ, 81. ಒಂಬತ್ತೊಂಬತ್ಲೆ ಎಂಬತ್ತೊಂದು ಎಂದು ಮಗ್ಗಿಯಿಂದ ಎಲ್ಲರಿಗೂ ಗೊತ್ತಿರುವ ಉತ್ತರ. ಆಮೇಲೆ 1ರ ಜಾಗದಲ್ಲಿ ಗೊತ್ತಿಲ್ಲದ ವಸ್ತುವನ್ನು ಇಡುತ್ತಾರೆ. ಗೊತ್ತಿರುವುದರ ಕೈ ಹಿಡಿಸಿ ಗೊತ್ತಿಲ್ಲದ್ದರ ಹೊಸ್ತಿಲು ದಾಟಿಸುವ ಈ ಕ್ರಮ ಒಳ್ಳೆಯ ಮೇಷ್ಟರದು.

ಈ ನಾಲ್ಕರಲ್ಲಿ ನಡುವಿನ ಎರಡನ್ನು ಮರೆಯುವುದು ಮಕ್ಕಳ ಹಳೆಯ ಚಾಳಿ. ಅರಸೀಕೆರೆ ಕಡೆಯ ತೆಂಗಿನ ತೋಟವೊಂದನ್ನು ಕಣ್ಣಮುಂದೆ ತಂದುಕೊಳ್ಳಿ. ಸಾಲಿಗೆ 10 ಮರದಂತೆ 10 ಸಾಲು, 100 ಮರ. ರೈತ ಪ್ರತಿ ಸಾಲನ್ನೂ 2 ಮರದಷ್ಟು ಉದ್ದ ಮಾಡಿದ, ಜೊತೆಗೆ 3 ಹೊಸ ಸಾಲು ಸೇರಿಸಿದ. ಹಳೆಯ ಮರ 100, ಹಳೆಯ ಸಾಲುಗಳ ತುದಿಯಲ್ಲಿ 20, ಹೊಸ ಸಾಲುಗಳಲ್ಲಿ 30, ಮೂಲೆಯಲ್ಲಿ 6. ಒಟ್ಟು 156. ನಡುವಿನದನ್ನು ಮರೆತ ವಿದ್ಯಾರ್ಥಿ 106 ಎಂದು ಬರೆದು ಎದ್ದುಬಿಡುತ್ತಾನೆ. 50 ತೆಂಗಿನ ಮರ ಕಳೆದುಕೊಂಡದ್ದು ಅವನಿಗೆ ತಿಳಿಯುವುದೇ ಇಲ್ಲ. ತೋಟದ ಮಾಲೀಕನಿಗಾದರೆ ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಹತ್ತರ ಜಾಗದಲ್ಲಿ ಯ ಇಟ್ಟರೆ ಅದೇ ತೋಟ (ಯ + 2)(ಯ + 3) = ಯ² + 5ಯ + 6.

ಹತ್ತೊಂಬತ್ತು ವರ್ಷದ ಗ್ರಂಥಕರ್ತ

ಖ್ವಾರಿಝ್ಮಿಯವರು ವರ್ಗದಲ್ಲಿ ನಿಂತರು. ಅಲ್ಲಿಂದ ಮುಂದೆ ಹೋದವರು ಸುಮಾರು 1010ರಲ್ಲಿ ಬಗ್ದಾದಿನಲ್ಲಿ 'ಅಲ್ ಫಖ್ರಿ' ಬರೆದ ಅಲ್ ಕರಜಿ. ವಸ್ತು, ಮಾಲ್, ಅದಾದ ಮೇಲೆ 'ಕಅಬ್', ಅಂದರೆ ಘನ. ಪವಿತ್ರ ಕಅಬಾದ ಹೆಸರಿಗೂ ಇದೇ ಧಾತು. ಮುಂದೆ ಮಾಲ್ ಮಾಲ್, ಮಾಲ್ ಕಅಬ್, ಕಅಬ್ ಕಅಬ್ ಎಂದು ಎಷ್ಟು ಬೇಕಾದರೂ ಏರಬಹುದು. ಮಾಲ್ ಅನ್ನು ಕಅಬ್‌ನಿಂದ ಗುಣಿಸಿದರೆ ಮಾಲ್ ಕಅಬ್. ಘಾತಗಳು ಕೂಡುತ್ತವೆ, 2 ಮತ್ತು 3 ಸೇರಿ 5, ಎಂಬ ನಿಯಮ ಹೆಸರಿನಲ್ಲೇ ಕುಳಿತಿದೆ. ದ್ವಿಪದೋಕ್ತಿಯ ವಿಸ್ತರಣೆಯ ಸಹಗುಣಕಗಳ ತ್ರಿಕೋನವೂ ಅಲ್ ಕರಜಿಯವರದೇ. ಅವರ ಆ ಬರಹ ಕಳೆದುಹೋಯಿತು. ಅದು ಉಳಿದದ್ದು ಅಸ್ಸಮವ್‌ಅಲ್ ಎಂಬ ಯುವಕ ಅದನ್ನು ತಮ್ಮ ಪುಸ್ತಕದಲ್ಲಿ ಎತ್ತಿಟ್ಟದ್ದರಿಂದ.

ಅಸ್ಸಮವ್‌ಅಲ್ ಸುಮಾರು 1130ರಲ್ಲಿ ಬಗ್ದಾದಿನಲ್ಲಿ, ಮೊರಾಕ್ಕೋ ಮೂಲದ ಯಹೂದಿ ಮನೆತನದಲ್ಲಿ ಹುಟ್ಟಿದರು. ವೃತ್ತಿಯಲ್ಲಿ ವೈದ್ಯರು. 'ಅಲ್ ಬಾಹಿರ್' ಎಂಬ ಬೀಜಗಣಿತ ಗ್ರಂಥ ಬರೆದಾಗ ಅವರಿಗೆ ಹತ್ತೊಂಬತ್ತು ವರ್ಷ. ಹಾಗಾದರೆ ಅದು ಭಾಸ್ಕರಾಚಾರ್ಯರು 'ಬೀಜಗಣಿತ' ಮುಗಿಸುತ್ತಿದ್ದ, ದೋರಸಮುದ್ರದಲ್ಲಿ ಉಳಿಯ ಸದ್ದು ಕೇಳುತ್ತಿದ್ದ ವರ್ಷಗಳೇ. ಗೊತ್ತಿರುವ ಸಂಖ್ಯೆಗಳ ಮೇಲೆ ಲೆಕ್ಕಿಗ ಮಾಡುವ ಎಲ್ಲ ಕೆಲಸವನ್ನೂ ಗೊತ್ತಿಲ್ಲದವುಗಳ ಮೇಲೂ ಮಾಡಬೇಕು ಎಂಬುದು ಈ ಪರಂಪರೆಯ ಹಂಬಲ. ಅದಕ್ಕಾಗಿ ಅಸ್ಸಮವ್‌ಅಲ್ ಮನೆಗಳನ್ನು ಗೀಚಿ, ಒಂದೊಂದು ಮನೆಗೆ ಒಂದೊಂದು ಘಾತದ ಹೆಸರಿಟ್ಟು, ಒಳಗೆ ಸಹಗುಣಕಗಳನ್ನು ಮಾತ್ರ ಬರೆದರು. ಬಿಡಿಯ ಮನೆಯ ಈಚೆಗೆ 1/ಯ, 1/ಯ²ಗಳಿಗೂ ಮನೆಗಳಿದ್ದವು. ಅವರ ಒಂದು ಪ್ರಸಿದ್ಧ ಭಾಗಾಕಾರದ ಭಾಜಕವನ್ನು ನಾವು 2ಯ³ + 5ಯ + 5 + 10/ಯ ಎಂದು ಬರೆಯುತ್ತೇವೆ. ಅವರ ಮನೆಗಳಲ್ಲಿ ಇರುವುದು 2, 0, 5, 5, 10. ಯ² ಇಲ್ಲ, ಹಾಗಾಗಿ ಅಲ್ಲಿ ಸೊನ್ನೆ. 109ರ ನಡುವಿನ ಸೊನ್ನೆ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ.

ಆ ಸೊನ್ನೆ ಎಲ್ಲಿಂದ ಬಂತೆಂದು ಊಹಿಸಬೇಕಿಲ್ಲ. ಅಸ್ಸಮವ್‌ಅಲ್ ಹುಡುಗರಾಗಿದ್ದಾಗಲೇ 'ಹಿಸಾಬ್ ಅಲ್ ಹಿಂದಿ', ಅಂದರೆ ಭಾರತೀಯ ಲೆಕ್ಕ, ಕಲಿತವರು. 1172ರಲ್ಲಿ ಅದರ ಮೇಲೆಯೇ 'ಅಲ್ ಕಿವಾಮಿ' ಎಂಬ ಗ್ರಂಥ ಬರೆದರು. ನಮ್ಮ ಸ್ಥಾನಬೆಲೆಯ ಪದ್ಧತಿ ಅವರ ಕೈಯಲ್ಲಿ ಬಹುಪದೋಕ್ತಿಗಳ ಪದ್ಧತಿಯಾಗಿ ಬೆಳೆಯಿತು. ಭಾಸ್ಕರಾಚಾರ್ಯರು ಬಣ್ಣ ಬಣ್ಣದ ಅಜ್ಞಾತಗಳನ್ನು ಚಿಹ್ನೆಗಳಲ್ಲಿ ಬರೆದದ್ದು ಅರಬಿಯಲ್ಲಿ ಆಗ ಇರಲಿಲ್ಲ. ಎಷ್ಟೇ ಎತ್ತರದ ಘಾತವನ್ನಾದರೂ ಒಂದೇ ಪಟ್ಟಿಯಲ್ಲಿ ಕೂರಿಸುವ ಅಸ್ಸಮವ್‌ಅಲ್ಲರ ಜಾಣ್ಮೆ ಭಾಸ್ಕರಾಚಾರ್ಯರಲ್ಲಿ ಇರಲಿಲ್ಲ. ಇಂದಿನ ಮಗು ಎರಡನ್ನೂ ಒಂದೇ ಪುಟದಲ್ಲಿ ಕಲಿಯುತ್ತದೆ.

ಇನ್ನೊಂದು ಮಾತನ್ನೂ ಹೇಳಬೇಕು. 'ಅಲ್ ಬಾಹಿರ್' ಬರೆದಾಗ ಅಸ್ಸಮವ್‌ಅಲ್ ಯಹೂದಿಯಾಗಿದ್ದರು. ಇಸ್ಲಾಮ್ ಸ್ವೀಕರಿಸಿದ್ದು 1163ರಲ್ಲಿ. ಅಲ್ ಕರಜಿಯವರಿಗೆ ದಾರಿ ತೋರಿದ ಗ್ರೀಕ್ ಗ್ರಂಥವನ್ನು ಅರಬಿಗೆ ತಂದ ಕುಸ್ತಾ ಇಬ್ನ್ ಲೂಕಾ ಕ್ರೈಸ್ತರು. ಬಗ್ದಾದಿನ ಗಣಿತವನ್ನು ಒಂದೇ ಸಮುದಾಯದ ಸೊತ್ತೆಂದು ಹೇಳಿದರೆ ಅದು ಬಗ್ದಾದಿಗೇ ಮಾಡುವ ಅನ್ಯಾಯ. ಕನ್ನಡ ನಾಡಿನ ಗಣಿತದ ಮಾತೂ ಅಷ್ಟೆ. ಇಲ್ಲಿ ದೀಪ ಹಿಡಿದು ನಿಂತವರು ಜೈನರು.

ಎರಡು ಜಂಬ

ಈ ವಿಷಯದಲ್ಲಿ ಸುಲಭವಾಗಿ ಹರಡುವ ಎರಡು ಕತೆಗಳಿವೆ. ಒಂದು, ಅರಬಿಯ 'ಶೈ' ಸ್ಪೇನಿಗೆ ಹೋಗಿ ಎಕ್ಸ್ ಆಯಿತು ಎಂಬುದು. ನಮ್ಮ ಸಭೆಗಳಲ್ಲಿ ಇದನ್ನು ಹೆಮ್ಮೆಯಿಂದ ಹೇಳುತ್ತಾರೆ, ಚಪ್ಪಾಳೆಯೂ ಬೀಳುತ್ತದೆ. ಆದರೆ ಇದಕ್ಕೆ ಗಟ್ಟಿ ಪುರಾವೆಯಿಲ್ಲ. ಎಕ್ಸ್ ಬಳಕೆ ನೆಲೆಗೊಂಡದ್ದು 1637ರಲ್ಲಿ ಫ್ರಾನ್ಸಿನ ದೆಕಾರ್ತ್ ತಮ್ಮ ರೇಖಾಗಣಿತದಲ್ಲಿ ಅಕ್ಷರಮಾಲೆಯ ಕೊನೆಯ ಅಕ್ಷರಗಳನ್ನು ಅಜ್ಞಾತಗಳಿಗೆ ಇಟ್ಟ ಮೇಲೆ. ಖ್ವಾರಿಝ್ಮಿಯವರ ಕೀರ್ತಿಗೆ ಈ ಕತೆಯ ಊರುಗೋಲು ಬೇಕಾಗಿಲ್ಲ.

ಇನ್ನೊಂದು ಕತೆ 'ವೇದಗಣಿತ'ದ್ದು. ಪುರಿಯ ಶಂಕರಾಚಾರ್ಯರಾಗಿದ್ದ ಭಾರತೀಕೃಷ್ಣ ತೀರ್ಥರ ಪುಸ್ತಕ ಅವರು ತೀರಿಕೊಂಡ ನಂತರ 1965ರಲ್ಲಿ ಪ್ರಕಟವಾಯಿತು. ಅದರ 'ಊರ್ಧ್ವ ತಿರ್ಯಕ್' ಗುಣಾಕಾರ, ಅಂದರೆ ನೇರ ಮತ್ತು ಅಡ್ಡ ಗುಣಿಸುವ ಕ್ರಮ, ಬಹುಪದೋಕ್ತಿಗಳಿಗೂ ಒಗ್ಗುತ್ತದೆ. ಮಕ್ಕಳು ಕಲಿತರೆ ಲಾಭವೇ. ಆದರೆ ಆ ಸೂತ್ರಗಳು ವೇದದಲ್ಲಿವೆ ಎಂಬುದನ್ನು ಭಾರತೀಯ ಗಣಿತದ ಚರಿತ್ರೆ ಬರೆದ ಕೆ. ಎಸ್. ಶುಕ್ಲಾ ಅವರಂಥ ವಿದ್ವಾಂಸರೇ ಒಪ್ಪಿಲ್ಲ. ಮಹಾವೀರಾಚಾರ್ಯರ ಹಾರಗಳು, ಭಾಸ್ಕರಾಚಾರ್ಯರ ಬಣ್ಣಗಳು ಕಣ್ಣಮುಂದೆ ಇರುವಾಗ ಇಲ್ಲದ್ದನ್ನು ಹುಡುಕುವುದೇಕೋ ತಿಳಿಯದು.

ಬೇಲೂರಿನ ಜಾಲಂಧ್ರ

ಬೇಲೂರಿನ ದೇಗುಲದಲ್ಲಿ ಮದನಿಕೆಯರನ್ನು ನೋಡುವ ಭರದಲ್ಲಿ ಜನ ಗೋಡೆಯ ಜಾಲಂಧ್ರಗಳನ್ನು ಗಮನಿಸುವುದಿಲ್ಲ. ಕಲ್ಲಿನಲ್ಲಿ ಕಿಂಡಿ ಕಿಂಡಿಯಾಗಿ ಕೊರೆದು ಬೆಳಕು ಒಳಬಿಡುವ ಪರದೆಗಳವು. ಇಮ್ಮಡಿ ಬಲ್ಲಾಳನ ಕಾಲದಲ್ಲಿ ಸೇರಿಸಿದವು. ಗುಣಾಕಾರಕ್ಕೂ ಇಂಥದೊಂದು ಜಾಲಂಧ್ರವಿದೆ. ಶಿಲ್ಪಿಗಳಿಗೂ ಅದಕ್ಕೂ ಸಂಬಂಧವೇನಿಲ್ಲ, ಆದರೆ ಹೆಸರು ಒಂದೇ. ಮೊರಾಕ್ಕೋದ ಇಬ್ನುಲ್ ಬನ್ನಾ (1256–1321) ಅದನ್ನು ವಿವರಿಸಿದ್ದಾರೆ. ಅರಬಿಯಲ್ಲಿ ಅದು 'ಶಬಕ', ಬಲೆ. ಇಟಲಿಯವರು ಕಿಟಕಿಯ ಜಾಲರಿಯ ಹೆಸರಿನಿಂದಲೇ ಅದನ್ನು 'ಜೆಲೋಸಿಯಾ' ಎಂದರು. ನಮ್ಮಲ್ಲಿ ಗಣೇಶ ದೈವಜ್ಞರು 1545ರಲ್ಲಿ 'ಲೀಲಾವತಿ'ಗೆ ಬರೆದ ವ್ಯಾಖ್ಯಾನದಲ್ಲಿ ಅದನ್ನು 'ಕಪಾಟಸಂಧಿ' ಎಂದು ಕರೆದರು.

ಭಾಸ್ಕರಾಚಾರ್ಯರ ಲೆಕ್ಕವನ್ನು ಇದರಲ್ಲಿ ಕೂರಿಸಬಹುದು. ನಾಲ್ಕು ಮನೆಯ ಚೌಕ ಬರೆಯಿರಿ. ಮೇಲೆ ಎಡದಿಂದ 5 ಮತ್ತು −1, ಪಕ್ಕದಲ್ಲಿ ಮೇಲಿನಿಂದ 3 ಮತ್ತು 2. ಮೇಲಿನ ಸಾಲಿನ ಮನೆಗಳಲ್ಲಿ 15, −3. ಕೆಳಗಿನ ಸಾಲಿನಲ್ಲಿ 10, −2. ಈಗ ಓರೆಯಾಗಿ ಕೂಡಿಸಿ. ಒಂದು ಮೂಲೆಯಲ್ಲಿ 15 ಒಂಟಿ, ಎದುರು ಮೂಲೆಯಲ್ಲಿ −2 ಒಂಟಿ, ನಡುವಿನ ಓರೆಯಲ್ಲಿ −3 ಮತ್ತು 10 ಸೇರಿ 7. ಸಜಾತಿ ಪದಗಳು ತಾವಾಗಿ ಒಂದೇ ಓರೆಯಲ್ಲಿ ಬಂದು ಸೇರುತ್ತವೆ. ಮನೆ ತುಂಬದೆ ಲೆಕ್ಕ ಮುಗಿಯುವುದಿಲ್ಲವಾದ್ದರಿಂದ ನಡುವಿನ ಪದ ಮರೆಯಲು ಅವಕಾಶವೇ ಇಲ್ಲ. ಸೂತ್ರಕ್ಕೆ ಹೆದರುವ ಮಗುವಿಗೆ ಇದನ್ನೊಮ್ಮೆ ಬಿಡಿಸಿ ತೋರಿಸಿ ನೋಡಿ.

ಹೊಯ್ಸಳರ ಕಾಲದ ಈ ಎರಡು ಬೀಜಗಣಿತಗಳು ಒಂದನ್ನೊಂದು ನೋಡದೆ ಬೆಳೆದವು. ಅವು ಎದುರುಬದುರಾದದ್ದು ಬಹಳ ತಡವಾಗಿ. ಖ್ವಾರಿಝ್ಮಿಯವರ 'ಅಲ್ ಜಬ್ರ್' 1145ರಲ್ಲೇ ಸ್ಪೇನಿನಲ್ಲಿ ಲ್ಯಾಟಿನ್ನಿಗೆ ಹೋಗಿ ಯುರೋಪನ್ನು ತಲುಪಿತ್ತು. ಭಾಸ್ಕರಾಚಾರ್ಯರು ಅಲ್ಲಿಗೆ ತಲುಪಿದ್ದು ಫಾರಸಿಯ ಮೂಲಕ. 1587ರಲ್ಲಿ ಅಕ್ಬರನ ಆಸ್ಥಾನದ ಫೈಝಿ 'ಲೀಲಾವತಿ'ಯನ್ನು ಫಾರಸಿಗೆ ತಂದರು. 1634–35ರಲ್ಲಿ ಅತಾವುಲ್ಲಾ ರುಶ್ದಿ 'ಬೀಜಗಣಿತ'ವನ್ನು ಅನುವಾದಿಸಿ ಶಾಹ್‌ಜಹಾನನಿಗೆ ಅರ್ಪಿಸಿದರು. ಆ ಫಾರಸಿಯಿಂದ ಎಡ್ವರ್ಡ್ ಸ್ಟ್ರೇಚಿ 1813ರಲ್ಲಿ ಇಂಗ್ಲಿಷಿಗೆ ತಂದರು. ಸಂಸ್ಕೃತದಿಂದ ನೇರವಾಗಿ ಕೋಲ್‌ಬ್ರೂಕ್ ಮಾಡಿದ ಅನುವಾದ ಬಂದದ್ದು ಅದಾದ ನಾಲ್ಕು ವರ್ಷಕ್ಕೆ, 1817ರಲ್ಲಿ.

ಈ ಅತಾವುಲ್ಲಾ ತಾಜ್‌ಮಹಲಿನ ವಾಸ್ತುಶಿಲ್ಪಿ ಎನ್ನಲಾಗುವ ಉಸ್ತಾದ್ ಅಹ್ಮದ್ ಲಾಹೋರಿಯವರ ಮಗ. ತಂದೆಯ ಕಸುಬನ್ನೇ ಹಿಡಿದವರು. ದಖ್ಖನಿನ ಔರಂಗಾಬಾದಿನಲ್ಲಿ, 2023ರಿಂದ ಛತ್ರಪತಿ ಸಂಭಾಜಿನಗರ ಎಂದಾಗಿರುವ ಊರಿನಲ್ಲಿ, ಬೀಬಿ ಕಾ ಮಕ್ಬರಾ ಅವರು ಕಟ್ಟಿದ್ದು. ಅದರ ಹೆಬ್ಬಾಗಿಲಿನ ಮೇಲೆ ಎರಡು ಹೆಸರುಗಳಿವೆ: ವಾಸ್ತುಶಿಲ್ಪಿ ಅತಾವುಲ್ಲಾ, ಎಂಜಿನಿಯರ್ ಹಂಸಪತ್ ರಾಯ್.